ಒಂದು ಸೈಜು ದೊಡ್ಡದು

ದಸ್ತಗೀರ್ ಸಾಹೇಬರು ಮನುಷ್ಯರ ಮುಖ ನೋಡುವುದಿಲ್ಲ. ಸೊಕ್ಕಿನಿಂದಲ್ಲ, ಸಂಕೋಚದಿಂದಲೂ ಅಲ್ಲ; ಎದುರಿಗೆ ಯಾರೇ ಬಂದರೂ ಅವರ ದೃಷ್ಟಿ ತಾನೇ ತಾನಾಗಿ ಕೆಳಗಿಳಿದು, ಬಂದವರ ಪಾದದ ಮೇಲೆ ಕುಳಿತುಬಿಡುತ್ತದೆ, ಮಾತು ಮುಗಿಯುವವರೆಗೂ ಅಲ್ಲಿಂದ ಏಳುವುದಿಲ್ಲ. ಒಂದೇ ಒಂದು ಸಲ ಕಂಡಿದ್ದ ನನ್ನನ್ನು, ಎರಡು ತಿಂಗಳ ಮೇಲೆ ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ರೈಲು ಸ್ಟೇಷನ್ನಿನ ಬೆಳಗಿನ ನೂಕುನುಗ್ಗಲಿನಲ್ಲಿ, ಟೋಪಿ ಮಫ್ಲರುಗಳಲ್ಲಿ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದಾಗ, ಅವರು ಹಿಂದಿನಿಂದ ಬಂದು ಗುರುತು ಹಿಡಿದರು. "ನಿಮ್ಮ ಎಡಗಾಲಿನ ಹಿಮ್ಮಡಿ ಹೊರಗಡೆ ಸವೀತದೆ ಸರ್. ಮುಖ ಬದಲಾಗುತ್ತೆ, ಅದು ಬದಲಾಗಲ್ಲ" ಎಂದರು. ಹೆಸರು ಮಾತ್ರ ಅವರಿಗೆ ನೆನಪಿರಲಿಲ್ಲ.

ಬರ್ಮಿಂಗ್‌ಹ್ಯಾಮಿನ ಹೊರವಲಯದಲ್ಲಿ, ಟೈಲ್ಸ್ ಅಂಗಡಿಗೂ ನಾಯಿ ಬೆಕ್ಕುಗಳ ಆಹಾರದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಹಿಮದ ಮೇಲೆ ಜಾರುವ ಸ್ಕೀ ಸಾಮಾನಿನ ಒಂದು ಅಂಗಡಿಯಲ್ಲಿ ಅವರ ಕೆಲಸ. ಬೂಟುಗಳನ್ನು ಕಾಲಿಗೆ ಹೊಂದಿಸಿಕೊಡುವುದು. ಕಿಟಕಿಯಿಂದ ನೋಡಿದರೆ ಹೇಳಿಕೊಳ್ಳಲು ಒಂದು ಗುಡ್ಡವಿಲ್ಲ. ವರ್ಷಕ್ಕೊಮ್ಮೆ ಬೀಳುವ ಹಿಮ ಮಧ್ಯಾಹ್ನದ ಹೊತ್ತಿಗೆ ಕೆಸರು. ಆದರೂ ನವೆಂಬರ್ ಬಂತೆಂದರೆ, ಆಲ್ಪ್ಸ್ ಪರ್ವತಗಳಲ್ಲಿ ಜಾರಲು ಹೊರಟವರ ಸಾಲು ಅವರ ಬೆಂಚಿನ ಮುಂದೆ ನಿಲ್ಲುತ್ತದೆ. ಅಂಗಡಿ ಕೊಟ್ಟ ಕೆಂಪು ಟೀ ಶರ್ಟಿನ ಮೇಲೆ ಅವರು ಒಂದು ಬೂದುಬಣ್ಣದ ಹಳೆಯ ಕೋಟು ತೊಡುತ್ತಾರೆ. ಹರಿಹರದ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಅವರ ತಂದೆಯದು ಅದು. ತೋಳು ಎರಡಂಗುಲ ಗಿಡ್ಡ. ಜೇಬಿನಲ್ಲಿ ಸ್ಟೀಲಿನ ಸ್ಕೇಲು, ಮೊಂಡು ಪೆನ್ಸಿಲು, ಬೆರಳುದ್ದದ ಟಾರ್ಚು. ನಡೆಯುವಾಗ ಮೊದಲು ಹಿಮ್ಮಡಿ ಊರಿ, ಬೆರಳುಗಳನ್ನು ಒಂದೊಂದಾಗಿ ನೆಲಕ್ಕೆ ಒಪ್ಪಿಸುವವರಂತೆ ನಿಧಾನವಾಗಿ ನಡೆಯುತ್ತಾರೆ.

ಅವರ ಪದ್ಧತಿ ವಿಚಿತ್ರ. ನಿಮ್ಮ ಸೈಜು ಎಷ್ಟೆಂದು ಕೇಳುವುದೇ ಇಲ್ಲ. ಕೇಳದೆ ಹೇಳಿದರೆ ಕಿವಿಗೆ ಹಾಕಿಕೊಳ್ಳುವುದೂ ಇಲ್ಲ. ಬರಿಗಾಲಲ್ಲಿ ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆಯುತ್ತಾರೆ. ಆಮೇಲೆ ಬೂಟಿನ ಒಳಗಿನ ಮೆತ್ತೆಯನ್ನು ಹೊರಗೆಳೆದು, ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಡಿಸಿ, ಹೆಬ್ಬೆರಳು ಮುಂದಿನ ಗೋಡೆಗೆ ತಾಗುವಂತೆ ನಿಲ್ಲಿಸಿ, ಹಿಮ್ಮಡಿಯ ಹಿಂದೆ ಟಾರ್ಚು ಬಿಟ್ಟು ನೋಡುತ್ತಾರೆ. ಅಲ್ಲಿ ಒಂದೂವರೆ ಬೆರಳು ಜಾಗವಿರಬೇಕು, ಎರಡಾದರೆ ಆ ಬೂಟು ಪೆಟ್ಟಿಗೆಗೆ ವಾಪಸ್. ತೆಳುವಾದ ಒಂದೇ ಕಾಲುಚೀಲ. ಬೂಟಿನ ಕೊಂಡಿಗಳನ್ನೆಲ್ಲ ಬಿಗಿದ ಮೇಲೆ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂರಿಸುತ್ತಾರೆ. ಅಷ್ಟು ಹೊತ್ತೂ ಐದೈದು ನಿಮಿಷಕ್ಕೊಮ್ಮೆ ಬಂದು ಕೇಳುವುದು ಒಂದೇ ಪ್ರಶ್ನೆ: "ನಿಜ ಹೇಳಿ, ಎಲ್ಲಿ ನೋಯ್ತದೆ?"

ಯಾಕೆ ಪ್ರತಿ ಸಲ ಈ 'ನಿಜ ಹೇಳಿ' ಎಂದು ನಾನೊಮ್ಮೆ ಕೆಣಕಿದೆ. "ಹಲ್ಲು ನೋವಾದ್ರೆ ಊರಿಗೆಲ್ಲಾ ಹೇಳ್ತಾರೆ ಸರ್. ಕಾಲಿನ ವಿಷ್ಯದಲ್ಲಿ ಮಾತ್ರ ಎಲ್ರೂ ಸುಳ್ಳು ಹೇಳ್ತಾರೆ" ಎಂದರು.

ಲೆಮಿಂಗ್ಟನ್ ಸ್ಪಾ ಎಂಬ ಊರಿನ ನಮ್ಮ ವಿಡಿಯೊ ಗೇಮ್ ಕಂಪನಿಯವರು ನಮ್ಮನ್ನೆಲ್ಲ ಹಿಮದ ಬೆಟ್ಟಕ್ಕೆ ಕರೆದೊಯ್ಯುವುದಾಗಿ ಘೋಷಿಸಿದ್ದರಿಂದ ನಾನು ಅವರ ಕೈಗೆ ಸಿಕ್ಕಿದ್ದೆ. ಮೊದಲ ದಿನ ಬೂಟು ಬಿಗಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದಾಗಲೇ ಕಾರ್ತಿಕೇಯನೆಂಬ ಬೆಂಗಳೂರಿನ ಎಂಜಿನಿಯರು ತನ್ನ ಹತ್ತು ವರ್ಷದ ಮಗಳು ಪ್ರೇರಣಾಳನ್ನು ಕರೆದುಕೊಂಡು ಬಂದ. ಶಾಲೆಯ ಪ್ರವಾಸ. ಸಾಹೇಬರು ಎಂದಿನಂತೆ ಗೆರೆ ಎಳೆದು, ಟಾರ್ಚು ಬಿಟ್ಟು, ಒಂದು ಜೊತೆ ತಂದಿಟ್ಟರು.

"ಇದು ಕರೆಕ್ಟಾಗಿದೆ, ಒಪ್ಕೋತೀನಿ. ಆದ್ರೆ ಒಂದು ಸೈಜ್ ದೊಡ್ಡದು ಕೊಡಿ. ಬೆಳೆಯೋ ಕಾಲಲ್ವಾ, ಮುಂದಿನ ವರ್ಷಕ್ಕೂ ಆಗುತ್ತೆ" ಎಂದ ಕಾರ್ತಿಕೇಯ.

ನಾವೆಲ್ಲ ಕೇಳಿ ಬೆಳೆದ ಮಾತು. ಯಾರ ಅಪ್ಪ ಹೇಳಿಲ್ಲ ಅದನ್ನು? ಆದರೆ ಸಾಹೇಬರ ಕೈಯಲ್ಲಿದ್ದ ಸ್ಕೇಲು ಅಲ್ಲೇ ನಿಂತಿತು.

"ದೊಡ್ಡದು ಕೊಡಲ್ಲ ಸರ್."

"ಸ್ಟಾಕ್ ಇಲ್ವಾ?"

"ಇದೆ. ಕೊಡಲ್ಲ."

ಕಾರ್ತಿಕೇಯನ ಮುಖ ಕೆಂಪಾಯಿತು. "ನೋಡಿ, ನಾನು ಇವಳಪ್ಪ. ನನ್ನ ಮಗಳಿಗೆ ಏನು ಬೇಕು ಅಂತ ನಂಗೆ ಗೊತ್ತಿಲ್ವಾ?"

"ನಂಗೂ ಗೊತ್ತಿತ್ತು ಸರ್" ಎಂದರು ದಸ್ತಗೀರ್ ಸಾಹೇಬರು. ಅಂದು ಅವರು ತಲೆಯೆತ್ತಿ ಒಬ್ಬ ಮನುಷ್ಯನ ಮುಖವನ್ನು ನೋಡಿದ್ದನ್ನು ನಾನು ಕಂಡೆ. ಎದ್ದು ಹೋಗೋಣವೆಂದರೆ ನನ್ನ ಕಾಲಲ್ಲಿ ಸೇರುಗಟ್ಟಲೆ ತೂಕದ ಬೂಟು. ಹಾಗಾಗಿ ಆಮೇಲೆ ಅವರು ಕಾರ್ತಿಕೇಯನಿಗೆ ಹೇಳಿದ್ದನ್ನೆಲ್ಲ ನಾನೂ ಕೇಳಿಸಿಕೊಳ್ಳಬೇಕಾಯಿತು.

ಹರಿಹರದಲ್ಲಿ ಅವರ ತಂದೆ ಈದ್ ಹಬ್ಬಕ್ಕೆ ಕೊಡಿಸುತ್ತಿದ್ದ ಬೂಟು ಮೂರು ವರ್ಷ ಬರಬೇಕಿತ್ತು. ಮೊದಲ ವರ್ಷ ತುದಿಗೆ ಹತ್ತಿ ತುರುಕಿ ನಡೆಯುವುದು, ಎರಡನೆಯ ವರ್ಷ ಹತ್ತಿ ತೆಗೆದು ನಡೆಯುವುದು, ಮೂರನೆಯ ವರ್ಷ ಬೆರಳು ಮಡಚಿಕೊಂಡು ನಡೆಯುವುದು. ಸರಿಯಾದ ಬೂಟು ಎನ್ನುವುದು ಬಾಲ್ಯದಲ್ಲಿ ಮೂರು ಈದಿಗೊಮ್ಮೆ ಬರುತ್ತಿದ್ದ ಭಾಗ್ಯ. ಅದರಲ್ಲಿ ಬಡತನವಿತ್ತು ನಿಜ, ಆದರೆ ಬಡತನ ಹೋದ ಮೇಲೂ ಅಭ್ಯಾಸ ಹೋಗಲಿಲ್ಲ. ಮಗು ಬೆಳೆಯುತ್ತದೆ ಎಂಬ ನಂಬಿಕೆಯನ್ನು ನಮ್ಮ ಕಡೆಯ ತಂದೆ ತಾಯಿ ಹೇಳಿಕೊಳ್ಳುವುದು ದೊಡ್ಡ ಬೂಟಿನ ಮೂಲಕವೇ. ಮುಂದೆ ದಸ್ತಗೀರ್ ಸಾಹೇಬರು ಇಂಗ್ಲೆಂಡಿಗೆ ಬಂದು, ಕೊವೆಂಟ್ರಿಯಲ್ಲಿ ಕಾರಿನ ಸೀಟು ವಿನ್ಯಾಸ ಮಾಡುವ ಎಂಜಿನಿಯರಾಗಿದ್ದಾಗಿನ ಮಾತು ಇದು. ಮಗಳು ಮಹ್ನೂರ್‌ಗೆ ಹನ್ನೊಂದು ವರ್ಷ. ಶಾಲೆಯವರು ಹಿಮದ ಪ್ರವಾಸಕ್ಕೆ ಕರೆದೊಯ್ಯುವುದಾಗಿ, ಬೂಟುಗಳು ಅಲ್ಲೇ ಬಾಡಿಗೆಗೆ ಸಿಗುವುದಾಗಿ ಚೀಟಿ ಕಳಿಸಿದರು. ಕಂಡವರು ತೊಟ್ಟು ಬಿಟ್ಟದ್ದನ್ನು ನನ್ನ ಮಗಳು ತೊಡುವುದೇ ಎಂದು ಇವರು ಹೊಸ ಜೊತೆ ಕೊಂಡರು. ಅಂಗಡಿಯ ಹುಡುಗಿ ಇದು ದೊಡ್ಡದಾಯಿತು ಎಂದು ಎರಡು ಸಲ ಹೇಳಿದಳು. ಬೆಳೆಯುವ ಕಾಲಮ್ಮ ಎಂದು ನಕ್ಕು, ಮನೆಗೆ ಬಂದು, ತಂದೆ ಕಲಿಸಿದ ಹಾಗೆಯೇ ತುದಿಗೆ ಹತ್ತಿ ತುರುಕಿ, ಬೆಚ್ಚಗಿರಲಿ ಎಂದು ಎರಡು ಉಣ್ಣೆಯ ಕಾಲುಚೀಲ ಹಾಕಿ ಕಳಿಸಿದರು.

ಸ್ಕೀ ಬೂಟು ಕಾಲನ್ನು ಹಿಡಿದಿರಬೇಕು. ಹಿಡಿಯದಿದ್ದರೆ ಕಾಲು ಒಂದು ಕಡೆ ತಿರುಗುತ್ತದೆ, ಬೂಟು ಇನ್ನೊಂದು ಕಡೆ. ಎರಡನೆಯ ದಿನ ಮಹ್ನೂರ್ ಬಿದ್ದಳು. ಬಲಗಾಲಿನ ಮೂಳೆ ಮುರಿದದ್ದು ಪಾದದ ಗಂಟಿನ ಸ್ವಲ್ಪ ಮೇಲೆ, ಮಕ್ಕಳ ಮೂಳೆ ಎಲ್ಲಿಂದ ಬೆಳೆಯುತ್ತದೋ ಸರಿಯಾಗಿ ಅಲ್ಲೇ. ಮುರಿದದ್ದು ಕೂಡಿತು. ಬೆಳೆಯುವುದು ನಿಂತಿತು. ಎಡಗಾಲು ತನ್ನ ಪಾಡಿಗೆ ಬೆಳೆದುಕೊಂಡು ಹೋಯಿತು; ಬಲಗಾಲು ಎರಡು ಸೆಂಟಿಮೀಟರ್ ಹಿಂದುಳಿಯಿತು.

"ಬೆಳೀಲಿ ಅಂತಾನೇ ತಗೊಂಡಿದ್ದು ಸರ್" ಎಂದಷ್ಟೇ ಹೇಳಿ ಅವರು ಮತ್ತೆ ಹುಡುಗಿಯ ಪಾದದ ಕಡೆ ಬಗ್ಗಿದರು. ಕಾರ್ತಿಕೇಯ ಸರಿಯಾದ ಅಳತೆಯ ಜೊತೆಯನ್ನೇ ತೆಗೆದುಕೊಂಡು ಹೋದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಸಾಹೇಬರ ಒಲೆ ಅಂದಿನಿಂದ ಆರಿಯೇ ಇಲ್ಲ. ಎರಡು ವರ್ಷದ ಮೇಲೆ ಎಂಜಿನಿಯರ್ ಕೆಲಸ ಬಿಟ್ಟು, ಈ ಅಂಗಡಿಯ ಬೆಂಚಿನ ಮುಂದೆ ಕೆಳಗೆ ಕುಳಿತು, ತಮಗಿಂತ ಇಪ್ಪತ್ತು ವರ್ಷ ಚಿಕ್ಕವನಿಂದ ಈ ವಿದ್ಯೆ ಕಲಿತರು. ಹೆಂಡತಿ ಫರೀದಾ ಅವರನ್ನು ಒಂದು ದಿನವೂ ದೂರಲಿಲ್ಲ, ಮಗಳಂತೂ ದೂರಲೇ ಇಲ್ಲ. ಅದೇ ಅವರಿಗೆ ತಾಳಲಾಗದ್ದು. ಒಮ್ಮೆ ಬೈದಿದ್ದರೆ ಆಗುತ್ತಿತ್ತು ಸರ್, ಎಂದು ನನ್ನೊಡನೆ ಅಂದದ್ದುಂಟು. ಲೀಡ್ಸಿನಲ್ಲಿ ಫಾರ್ಮಸಿ ಓದುವ ಮಹ್ನೂರ್ ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಕಾಲು ಹೇಗಿದೆ ಎಂದು ಅಪ್ಪ ಕೇಳಿದರೆ 'ಫೈನ್ ಅಬ್ಬಾ' ಎನ್ನುತ್ತಾಳೆ. ಬೂಟು ಚಪ್ಪಲಿಗಳನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಾಳೆ. ಬರ್ಮಿಂಗ್‌ಹ್ಯಾಮಿನ ಅರ್ಧ ಊರಿನ ಪಾದಗಳಿಗೆ ಗೆರೆ ಎಳೆದ ಈ ಮನುಷ್ಯನಿಗೆ ತನ್ನ ಮಗಳ ಪಾದದ ಅಳತೆ ಹನ್ನೊಂದನೆಯ ವಯಸ್ಸಿನವರೆಗೆ ಮಾತ್ರ ಗೊತ್ತಿತ್ತು. ಇನ್ನೊಮ್ಮೆ ಆ ಕಾಲು ತಮ್ಮ ಕೈಗೆ ಬಂದೀತೆಂಬ ಒಂದೇ ಆಸೆಯ ಮೇಲೆ ಅವರು ಬದುಕಿದ್ದರು ಎಂದರೆ ತಪ್ಪಾಗಲಾರದು.

ಅದು ಬಂದದ್ದು ಕಳೆದ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ. ನನ್ನ ಬೂಟು ಕಿರುಬೆರಳಿಗೆ ಒತ್ತುತ್ತಿತ್ತು. ಆ ಜಾಗವನ್ನು ಬಿಸಿ ಮಾಡಿ ಸ್ವಲ್ಪ ಉಬ್ಬಿಸಿಕೊಡಿ ಎಂದು ಹೋಗಿ, ಮತ್ತೆ ಅದೇ ಬೆಂಚಿನ ಮೇಲೆ ಕೈದಿಯಾಗಿ ಕುಳಿತಿದ್ದೆ. ಬಾಗಿಲು ತೆರೆದು ಒಬ್ಬ ಯುವತಿ ಒಳಗೆ ಬಂದಳು. ಸಾಹೇಬರು ಎಂದಿನಂತೆ ಮುಖ ನೋಡಲಿಲ್ಲ. ನಡಿಗೆ ನೋಡಿದರು, ಎದ್ದು ನಿಂತರು.

"ಫ್ರೆಂಡ್ಸ್ ಎಲ್ಲಾ ಸ್ಕೀಯಿಂಗ್ ಹೋಗ್ತಿದಾರೆ ಅಬ್ಬಾ. ಪರೀಕ್ಷೆ ಮುಗಿದ ಮೇಲೆ. ನಂಗೂ ಒಂದು ಜೊತೆ" ಎಂಬರ್ಥದ ಮಾತನ್ನು ಅವಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮನೆಮಾತಾದ ದಖನಿ ಉರ್ದುವಿನಲ್ಲಿ ಹೇಳಿ ನನ್ನ ಪಕ್ಕದಲ್ಲಿ ಕುಳಿತಳು.

ಸಾಹೇಬರು ನೆಲದ ಮೇಲೆ ಕುಳಿತು ಎಡಗಾಲಿನ ಶೂ ಬಿಚ್ಚಿದರು. ಬಲಗಾಲಿನದನ್ನು ಬಿಚ್ಚಲು ಹೋದಾಗ ಅವಳು "ನಾನೇ" ಎಂದು ಕಾಲು ಹಿಂದಕ್ಕೆಳೆದುಕೊಂಡಳು. ಅಷ್ಟರಲ್ಲಿ ಶೂ ಅವರ ಕೈಗೆ ಬಂದಿತ್ತು. ಒಳಗೆ ಕೈಹಾಕಿ ನೋಡುವುದು ಅವರ ಅಭ್ಯಾಸ. ಹಾಕಿದರು. ಹಿಮ್ಮಡಿಯ ಜಾಗದಿಂದ ಒಂದು ಗಟ್ಟಿ ತುಂಡು ಹೊರಗೆ ಬಂತು. ಕಾರ್ನ್‌ಫ್ಲೇಕ್ಸ್ ಪೆಟ್ಟಿಗೆಯ ರಟ್ಟನ್ನು ಪದರ ಪದರವಾಗಿ ಕತ್ತರಿಸಿ, ಟೇಪು ಸುತ್ತಿದ್ದು. ಬೆವರಿಗೆ ಕಪ್ಪಾಗಿ, ಒಂದು ಪಕ್ಕ ಜಜ್ಜಿಹೋಗಿತ್ತು.

ಗಿಡ್ಡ ಕಾಲನ್ನು ಎತ್ತರಿಸಲು ಆಸ್ಪತ್ರೆಯವರು ಕೊಟ್ಟಿದ್ದ ಮೆತ್ತೆ ಎಂದೋ ಸವೆದುಹೋಗಿತ್ತಂತೆ. ಮತ್ತೆ ಕೇಳಲು ಹೋಗಲಿಲ್ಲವಂತೆ. ಹದಿನೈದನೆಯ ವಯಸ್ಸಿನಿಂದ ಹೀಗೆ ತಾನೇ ಕತ್ತರಿಸಿಕೊಳ್ಳುತ್ತಿದ್ದಳಂತೆ. ಇಂಥ ಮೆತ್ತೆಗಳನ್ನು ದಿನಕ್ಕೆ ನಾಲ್ಕು ಮಾಡಿ ಗೊತ್ತಿಲ್ಲದವರ ಕಾಲಡಿಗೆ ಇಡುವ ಅಪ್ಪ ಒಂದೇ ಮನೆಯಲ್ಲಿದ್ದಾಗ.

ಸಾಹೇಬರು ಆ ರಟ್ಟನ್ನು ಅಂಗೈಯಲ್ಲಿಟ್ಟುಕೊಂಡು, ಟೇಪಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಕೇಳಿದರು, ಮನೆಮಾತಿನಲ್ಲಿ: "ಸಚ್ ಬೋಲ್ ಬೇಟಾ, ಕಾಂ ದುಖ್ತಾ?" ನಮಗೆಲ್ಲ ಕನ್ನಡದಲ್ಲಿ ಕೇಳುತ್ತಿದ್ದ ಅದೇ ಪ್ರಶ್ನೆ. ನಿಜ ಹೇಳು, ಎಲ್ಲಿ ನೋಯುತ್ತದೆ?

ಫೈನ್ ಎಂದು ಶುರುಮಾಡಿದವಳು ತಲೆಯಲ್ಲಾಡಿಸಿದಳು. ಸೊಂಟದ ಮೇಲೆ ಕೈಯಿಟ್ಟು ತೋರಿಸಿದಳು. "ಇಲ್ಲಿ. ಯಾವಾಗ್ಲೂ" ಎಂದಳು. "ನೀವು ಈ ಕಾಲು ನೋಡಿದಾಗೆಲ್ಲಾ ನಿಮ್ಮ ಮುಖ ಒಂಥರಾ ಆಗುತ್ತೆ ಅಬ್ಬಾ. ಅದಕ್ಕೇ ತೋರಿಸ್ಲಿಲ್ಲ."

ಆ ದಿನ ಸ್ಕೀ ಬೂಟಿನ ಮಾತು ಮತ್ತೆ ಬರಲಿಲ್ಲ. ಸಾಹೇಬರು ಕಾಗದ ಹಾಸಿ, ಮಗಳನ್ನು ಬರಿಗಾಲಲ್ಲಿ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಗೆರೆ ಎಳೆದರು. ಎಡಗಾಲಿನ ಗೆರೆ ನೇರವಾಗಿ ಬಂತು. ಬಲಗಾಲಿನದು ಎರಡು ಕಡೆ ಅಲುಗಿತು, ಅದನ್ನು ಅಳಿಸಿ ಮತ್ತೆ ಎಳೆದರು. ಕಾರ್ಕಿನ ಹಲಗೆಯನ್ನು ಉಜ್ಜಿ ಉಜ್ಜಿ ಒಂದು ಹಿಮ್ಮಡಿಯ ಮೆತ್ತೆ ಮಾಡಿ, ಅವಳ ದಿನಬಳಕೆಯ ಆ ಶೂವಿನೊಳಗಿಟ್ಟರು. ಅವಳು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದಳು. ಕಣ್ಣಿಗೆ ಕಾಣುವಷ್ಟು ಕುಂಟು ಈಗ ಉಳಿದಿರಲಿಲ್ಲ. ಅವರು ರಟ್ಟಿನ ತುಂಡನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ನನ್ನ ಇಪ್ಪತ್ತು ನಿಮಿಷ ಎಂದೋ ಮುಗಿದಿತ್ತು, ಬೂಟು ಬಿಚ್ಚಿ ಎಂದು ಹೇಳುವುದನ್ನು ಅವರು ಮೊದಲ ಸಲ ಮರೆತಿದ್ದರು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆಂದು ನನಗೆ ಈಗ ತೋರುತ್ತದೆ: ಮನೆಯವರ ವಿಷಯದಲ್ಲಿ ಪ್ರೀತಿಯಿಂದಲೇ ಒಂದು ಸಲ ಅಳತೆ ತಪ್ಪಿ, ಉಳಿದ ಆಯುಸ್ಸನ್ನೆಲ್ಲ ಊರಿನವರ ಅಳತೆಯನ್ನು ಸರಿಮಾಡುವುದರಲ್ಲಿ ಸವೆಸುವವರು. ಅವರ ಹಠವನ್ನು ನಾವು ಕಸುಬಿನ ನಿಷ್ಠೆ ಎಂದು ಹೊಗಳುತ್ತೇವೆ, ಕೆಲವೊಮ್ಮೆ ಕಿರಿಕಿರಿ ಎಂದು ಗೊಣಗುತ್ತೇವೆ, ಬಿಗಿಯಾದ ಬೂಟು ತೊಟ್ಟು ಬೆಟ್ಟ ಇಳಿದು ಕ್ಷೇಮವಾಗಿ ಮನೆಗೆ ಬರುತ್ತೇವೆ. ಅವರ ಕೈಯಿಂದ ನಮಗೆ ದೊರೆತದ್ದು ಹಿಂದೆ ಇನ್ನೊಬ್ಬರಿಗೆ ದೊರೆಯಬೇಕಾಗಿದ್ದದ್ದು ಎಂಬುದು ಮಾತ್ರ ನಮಗೆ ಗೊತ್ತಿರುವುದಿಲ್ಲ.