ಬೈಗುಳದ ಕೋಣೆ

ರಂಗಮಂದಿರಕ್ಕೆ ಬೀಗ ಬಿದ್ದ ಮೇಲೆ ನಾಟಕ ಕಂಪನಿಯವರೆಲ್ಲ ಸಿಕ್ಕ ಸಿಕ್ಕ ಕೆಲಸ ಹಿಡಿದು ಚದುರಿಹೋದರು. ಕೊನೆಯ ಸಾಲಿನವರಿಗೂ ಮೈಕಿಲ್ಲದೆ ಮಾತು ಮುಟ್ಟಿಸುತ್ತಿದ್ದ ನಟಿಗೆ ಕಂಪನಿಯವರು ಇಟ್ಟಿದ್ದ ಹೆಸರು ಗುಡುಗಮ್ಮ. ಆ ಗುಡುಗಿಗೂ ಒಂದು ಕೆಲಸ ಸಿಕ್ಕಿತು. ಪ್ರಾಜೆಕ್ಟ್ ಮ್ಯಾನೇಜರುಗಳ ಸಾಮರ್ಥ್ಯ ಅಳೆದು, ತಿದ್ದಿ, ಸರ್ಟಿಫಿಕೇಟ್ ಕೊಡುವ ಸಂಸ್ಥೆಯೊಂದರಲ್ಲಿ ಸಿಟ್ಟಿಗೆದ್ದ ಗ್ರಾಹಕಿಯ ಪಾತ್ರ. ನನ್ನ ಆಸ್ಪತ್ರೆ ಕಟ್ಟಡ ಯಾಕೆ ಇನ್ನೂ ಮುಗಿದಿಲ್ಲ ಎಂದು ಅವಳು ಬಾಯಿಗೆ ಬಂದಂತೆ ಬೈಯಬೇಕು. ಎದುರಿಗೆ ಕೂತವರು ಅದನ್ನು ಹೇಗೆ ಸಂಭಾಳಿಸುತ್ತಾರೆ ಎಂದು ನೋಡಿ, ಮೂಲೆಯಲ್ಲಿ ಕೂತ ಪರೀಕ್ಷಕಿ ಅಂಕ ಹಾಕಬೇಕು.

"ನನಗೆ ಪುಕ್ಕಟೆ ಸಿಗೋದನ್ನ ಅವರು ದುಡ್ಡು ಕೊಟ್ಟು ತಗೋತಾರಲ್ಲ," ಎಂದು ಗಂಡ ತಮಾಷೆ ಮಾಡುತ್ತಿದ್ದ. ಅವನು ಅದೇ ರಂಗಮಂದಿರದಲ್ಲಿ ದೀಪಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು. ಈಗ ದೊಡ್ಡ ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಸೀಟಿ ಊದಿ ಕಾರುಗಳನ್ನು ಹಿಂದೆ ಮುಂದೆ ಮಾಡಿಸುತ್ತಾನೆ.

ಒಂದು ದಿನ ಬೆಳಗ್ಗೆ ಮೊದಲು ಬಂದವಳು ಕನ್ನಡಕ ಹಾಕಿದ್ದ ಒಬ್ಬ ಇಂಜಿನಿಯರ್. ಗುಡುಗಮ್ಮ ಬಾಯಿ ತೆರೆದದ್ದೇ ತಡ, ಎದುರಿಗೆ ಕೂತವಳ ಕಿವಿ ಕೆಂಪಾಯಿತು, ದನಿ ನಡುಗಿತು. ಆದರೆ ಅವಳು ಮಾತು ನುಂಗಲಿಲ್ಲ.

"ತಪ್ಪು ನಮ್ಮದೇ. ಪಾಯದಲ್ಲಿ ಎಡವಟ್ಟಾಯ್ತು. ಹೇಳಿದ ದಿನಕ್ಕೆ ಪೂರ್ತಿ ಆಗಲ್ಲ. ಕೆಳಗಿನ ಮಹಡಿ ಮೊದಲು ಬಿಟ್ಟುಕೊಡ್ತೀನಿ. ಮೇಲಿಂದಕ್ಕೆ ಇನ್ನೂ ಮೂರು ತಿಂಗಳು ಬೇಕು."

ಗುಡುಗಮ್ಮನಿಗೆ ಮುಂದೆ ಏನೆಂದು ಬೈಯಬೇಕೋ ತೋಚಲಿಲ್ಲ. ಪರೀಕ್ಷಕಿ ಮಾತ್ರ ಬೇಸರದಿಂದ ತಲೆ ಆಡಿಸಿದಳು. ಧೈರ್ಯ ಸಾಲದು, ಗ್ರಾಹಕರನ್ನು ಶಾಂತಗೊಳಿಸುವ ಕಲೆ ಇಲ್ಲ. ಅರ್ಧಕ್ಕಿಂತ ಕಡಿಮೆ ಅಂಕ.

ಆಮೇಲೆ ಬಂದವನನ್ನು ನೋಡಿ ಗುಡುಗಮ್ಮನ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷದ ಹಿಂದೆ ಹಳದಿ ಹೆಲ್ಮೆಟ್ ಹಾಕಿಕೊಂಡು ಅವರ ರಂಗದ ಮೇಲೇ ನಿಂತು, "ಆರು ತಿಂಗಳು ಕೊಡಿ, ಹೊಸ ಮಾಡಿನ ಕೆಳಗೆ ನಾಟಕ ಆಡೋರಂತೆ," ಎಂದವನು ಇವನೇ. ಹಳೆಯ ಮಾಡು ಕಳಚಿದ್ದಷ್ಟೇ, ಆಮೇಲೆ ಅತ್ತ ಒಬ್ಬರೂ ತಲೆ ಹಾಕಿರಲಿಲ್ಲ. ಅವನಿಗೆ ಅವಳ ಗುರುತು ಹತ್ತಲಿಲ್ಲ.

ಸಂಸ್ಥೆಯವರು ಬರೆದುಕೊಟ್ಟಿದ್ದ ಮಾತುಗಳನ್ನು ಎರಡು ನಿಮಿಷ ಹೇಳಿದವಳು ಆಮೇಲೆ ಅದನ್ನು ಬಿಟ್ಟಳು. "ಹೊಟ್ಟೆಪಾಡಿಗೆ ಬೀದಿಗೆ ಬಿದ್ದಿದ್ದೀವಿ. ನಿಮ್ಮನ್ನ ನಂಬಿ ಕೂತ್ವಲ್ಲ, ನಮಗೆ ಏನು ಹೇಳ್ತೀರಿ? ಯಾವತ್ತು ಮುಗಿಯುತ್ತೆ?"

ಅವನು ಮುಂದಕ್ಕೆ ಬಾಗಿ ಕೂತ. ಕಣ್ಣಲ್ಲಿ ಕಣ್ಣಿಟ್ಟ. "ಮೇಡಂ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ನಿಮ್ಮ ಜಾಗದಲ್ಲಿ ನಾನಿದ್ರೂ ಹೀಗೇ ಸಿಟ್ಟು ಬರ್ತಿತ್ತು. ಇದನ್ನ ನಾವಿಬ್ಬರೂ ಕೂತು ಬಗೆಹರಿಸೋಣ."

"ಯಾವತ್ತು?"

"ನಿಮ್ಮ ವಿಶ್ವಾಸಾನೇ ನಮಗೆ ಮುಖ್ಯ ಮೇಡಂ."

ಅವಳು ಟೇಬಲ್ ಗುದ್ದಿದಳು. ಅವನ ರೆಪ್ಪೆಯೂ ಅಲುಗಲಿಲ್ಲ. ಬೆಣ್ಣೆಯಂತಹ ದನಿಯಲ್ಲಿ ಅದನ್ನೇ ತಿರುಗಿಸಿ ಮುರುಗಿಸಿ ಹೇಳಿದ. ಅವನು ಎದ್ದು ಹೋದ ಮೇಲೆ ಪರೀಕ್ಷಕಿಯ ಮುಖ ಅರಳಿತ್ತು.

"ಎಷ್ಟು ಸಮಾಧಾನ ನೋಡಿದ್ರಾ? ಇಷ್ಟು ಅಂಕ ಈ ವರ್ಷ ಯಾರಿಗೂ ಬಂದಿಲ್ಲ."

"ಅವನು ಏನು ಉತ್ತರ ಕೊಟ್ಟ ಮೇಡಂ?"

"ನೀವು ಹೇಳಿದ್ದನ್ನ ಅವರು ಪೂರ್ತಿ ಕೇಳಿಸಿಕೊಂಡ್ರಲ್ಲ."

"ಕೇಳಿಸಿಕೊಂಡ. ಉತ್ತರ ಏನು ಕೊಟ್ಟ?"

ಪರೀಕ್ಷಕಿ ಕೈಯಲ್ಲಿದ್ದ ಹಾಳೆ ತಿರುವಿದಳು. "ಅದಕ್ಕೆ ಇಲ್ಲಿ ಅಂಕ ಇಲ್ಲ."

"ಹಾಗಾದ್ರೆ ನಾನು ಇಲ್ಲಿ ಕೂತು ಮಾಡ್ತಿರೋದು ಏನು?" ಗುಡುಗಮ್ಮ ಎದ್ದು ನಿಂತಳು. "ಬೈದೂ ಬೈದೂ ಇವರ ಚರ್ಮ ದಪ್ಪ ಮಾಡ್ತಿದ್ದೀನಿ. ನಾಳೆ ನಿಜವಾಗಿ ಹೊಟ್ಟೆ ಉರಿದು ಬಂದೋರನ್ನ ಇವರು ಹೀಗೇ ತಲೆ ಸವರಿ ಕಳಿಸ್ತಾರೆ. ಬೆಳಗ್ಗೆ ಬಂದವಳು ನಿಜ ಹೇಳಿದ್ಲು, ಅವಳನ್ನ ಫೇಲ್ ಮಾಡಿದ್ರಿ."

"ಬೈಯೋದಷ್ಟೇ ನಿಮ್ಮ ಕೆಲಸ. ಅಂಕದ ವಿಚಾರ ನಮಗೆ ಬಿಡಿ."

ಗುಡುಗಮ್ಮ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು. ಆ ಹಳದಿ ಹೆಲ್ಮೆಟ್ಟಿನ ಮ್ಯಾನೇಜರು ಲಿಫ್ಟಿಗೆ ಕಾಯುತ್ತಿದ್ದ. ಅವಳನ್ನು ಕಂಡು ನಕ್ಕ. "ಚೆನ್ನಾಗಿ ಮಾಡಿದ್ರಿ ಮೇಡಂ. ಒಂದು ಕ್ಷಣ ನಿಜಾನೇ ಅಂದುಕೊಂಡೆ."

"ನಿಜಾನೇ. ನಾನು ರಂಗಮಂದಿರದವಳು. ಬೀಗ ಯಾವತ್ತು ತೆಗೀತೀರಿ?"

ಅವನ ನಗು ಆರಿತು. "ನಿಮ್ಮ ಕಷ್ಟ..." ಎಂದವನು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಲಿಫ್ಟ್ ಬಂತು. ಅವಳು ಅದಕ್ಕೆ ಅಡ್ಡ ನಿಂತಳು.

"ಅದು ಈಗ ನನ್ನ ಕೈಲಿಲ್ಲ," ಎಂದ ಕೊನೆಗೆ. "ನನ್ನನ್ನ ಬೇರೆ ಕಡೆ ಹಾಕಿ ತುಂಬಾ ದಿನ ಆಯ್ತು."

"ಈಗ ಯಾರು ನೋಡ್ತಿದ್ದಾರೆ?"

"ಯಾರೂ ಇಲ್ಲ. ಮಾಡಿನ ಉಕ್ಕಿನ ತೊಲೆಗಳಿಗೆ ಆರ್ಡರೇ ಹೋಗಿಲ್ಲ."

ಗುಡುಗಮ್ಮ ಚೀಲದಿಂದ ಮೊಬೈಲ್ ತೆಗೆದಳು. ಗಂಡನಿಗೆ ಫೋನ್ ಹಚ್ಚಿ ಮ್ಯಾನೇಜರಿನ ಮುಂದೆ ಹಿಡಿದಳು. "ಇದನ್ನೇ ಇವರಿಗೂ ಹೇಳಿ."

ಅವನು ಹೇಳಿದ. ಆ ಕಡೆಯಿಂದ ಕಾರಿನ ಹಾರ್ನ್ ಕೇಳಿಸಿತು. ಅದರ ಹಿಂದೆಯೇ ಗಂಡನ ದನಿ ಬಂತು: "ಸಾರ್, ನನ್ನ ದೀಪಗಳೆಲ್ಲ ಒಳಗೇ ಇವೆ. ಅವುಗಳ ಮೇಲೆ ಏನಾದ್ರೂ ಹೊದಿಸಿದ್ದೀರಾ, ಇಲ್ಲ ಎರಡು ವರ್ಷದಿಂದ ಮಳೇಲಿ ನೆನೀತಿವೆಯಾ?"

ಮ್ಯಾನೇಜರು ಲಿಫ್ಟ್ ಬಿಟ್ಟು ಮೆಟ್ಟಿಲ ಕಡೆ ನಡೆದ. ಬಾಗಿಲಲ್ಲಿ ನಿಂತಿದ್ದ ಪರೀಕ್ಷಕಿ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಗ್ಗೆ ನಾಟಕ ಕಂಪನಿಯವರೆಲ್ಲ ಹೊಸ ಮಾಡು ಕಟ್ಟಲು ಒಪ್ಪಿಕೊಂಡಿದ್ದ ಕಟ್ಟಡ ಕಂಪನಿಯ ಕಚೇರಿಗೆ ಹೋಗಿ ಸೋಫಾ, ನೆಲ, ಮೆಟ್ಟಿಲು ಎಂದು ನೋಡದೆ ಕೂತುಬಿಟ್ಟರು. ಗುಡುಗಮ್ಮ ಬಾಯಿ ಬಿಟ್ಟರೆ ಮೇಲಿನ ಮಹಡಿಯ ಮೀಟಿಂಗುಗಳೂ ನಿಲ್ಲುತ್ತಿದ್ದವು. ಸಂಜೆಯಾಗುವ ಮೊದಲು ತೊಲೆಗಳಿಗೆ ಆರ್ಡರ್ ಹೋಯಿತು. ಆದರೆ ದೀಪಗಳಲ್ಲಿ ಮುಕ್ಕಾಲು ಪಾಲು ತುಕ್ಕು ಹಿಡಿದು ಹಾಳಾಗಿದ್ದವು. ಅದನ್ನು ನೋಡಿ ಬಂದ ದಿನ ಗಂಡ ಊಟ ಮಾಡದೆ ಗೋಡೆ ಕಡೆ ತಿರುಗಿ ಮಲಗಿದ.

ಕೆಲವು ದಿನ ಬಿಟ್ಟು ಪರೀಕ್ಷಕಿ ಫೋನ್ ಮಾಡಿದಳು. "ಲಿಫ್ಟ್ ಹತ್ರ ನಿಮಗೆ ಸಿಕ್ಕಿದ್ರಲ್ಲ, ಅವರ ಸರ್ಟಿಫಿಕೇಟ್ ತಡೆಹಿಡಿದಿದ್ದೀವಿ. ಕನ್ನಡಕದವರನ್ನ ಮತ್ತೆ ಪರೀಕ್ಷೆಗೆ ಕರೆದಿದ್ದೀವಿ. ನೀವೂ ಬರಬೇಕು."

"ಬರ್ತೀನಿ. ಆದ್ರೆ ನಾನು ಕೇಳಿದ್ದಕ್ಕೆ ಉತ್ತರ ಬಂತೋ ಇಲ್ವೋ ಅನ್ನೋ ಅಂಕ ನಾನೇ ಹಾಕೋದು."

"ಅದು ನಿಯಮದಲ್ಲಿ ಇಲ್ವಲ್ಲ."

"ನಿಯಮ ಬದಲಾದ ದಿನ ಫೋನ್ ಮಾಡಿ," ಎಂದು ಗುಡುಗಮ್ಮ ಫೋನ್ ಇಟ್ಟಳು.