ಕೇಳದೆ ಬಿಟ್ಟ ಕುಶಲ

ಅನ್ಸೆಲ್ಮೊ ವೈಕಿಮಿಲ್ ಒಬ್ಬರ ಅಂಗಳದಲ್ಲಿ ಕುಶಲ ಕೇಳಲು ನಿಂತನೆಂದರೆ ಬುದಿ ಸರೋವರದ ಕರಿಗೊರಳಿನ ಹಂಸಗಳು ಮೊಟ್ಟೆಯಿಟ್ಟು, ಕಾವು ಕೊಟ್ಟು, ಮರಿಗಳಿಗೆ ಈಜು ಕಲಿಸಿ ಮುಗಿಸುತ್ತಿದ್ದವು. ಅವನಿನ್ನೂ ಆ ಮನೆಯ ಕಿರಿಯ ಸೋದರಮಾವನ ಮಂಡಿನೋವಿನವರೆಗೂ ಬಂದಿರುತ್ತಿರಲಿಲ್ಲ. ಸುಳ್ಳೆನಿಸಿದರೆ ಹಂಸಗಳನ್ನೇ ಕೇಳಬಹುದು. ನಮ್ಮ ಮಾಪುಚೆ ಜನರಲ್ಲಿ ಮನೆಯ ಬದುಕಿದವರನ್ನೂ ಸತ್ತವರನ್ನೂ ವಿಚಾರಿಸದೆ ಯಾರೂ ಬಂದ ಕೆಲಸದ ಮಾತೆತ್ತುವುದಿಲ್ಲ. ಅದರಲ್ಲಿ ಅನ್ಸೆಲ್ಮೊನನ್ನು ಮೀರಿಸುವವನು ಸಮುದ್ರದಿಂದ ಹಿಮಪರ್ವತದವರೆಗೆ ಹುಟ್ಟಿರಲಿಲ್ಲ.

ಅಂಥವನು ಆ ದಿನ ಕಡಲತಡಿಯ ಪೋರ್ತೊ ಸಾವೇದ್ರಾದಿಂದ ಕಾಣಿಕೆಗೆಂದು ಒಣಗಿಸಿದ ಸಮುದ್ರಪಾಚಿಯ ಹೊರೆ ಹೊತ್ತು ಹೊರಟ. ಎಂಥ ಹೊರೆಯೆಂದರೆ, ಸಾಗರದ ತಳವೇ ಬೋಳಾಗಿ ಮೀನುಗಳು ನಾಚಿ ಮರಳಲ್ಲಿ ಹೂತುಕೊಂಡವಂತೆ. ಸರೋವರದ ನಡುವಿನ ವಾಪಿ ದ್ವೀಪದಲ್ಲಿ ಒಬ್ಬಳೇ ಇರುವ ಡೊಮಿತಿಲಾಳನ್ನು ತನ್ನ ಜೊತೆ ಬಾಳಲು ಕರೆಯಬೇಕಿತ್ತು. ಇವನ ಹೆಂಡತಿ ಎರ್ಮಿನಿಯಾ ತೀರಿಕೊಂಡು ವರ್ಷಗಳಾಗಿದ್ದವು. ಅವಳ ಗಂಡ ಫೆರ್ಮಿನ್, ಅನ್ಸೆಲ್ಮೊನ ಪ್ರಾಣಸ್ನೇಹಿತ, ಹೋದದ್ದೂ ಈಚೆಗೇನಲ್ಲ.

ತೆಪ್ಪ ದಾಟಿಸುವ ನೊಲ್ಬೆರ್ತೊ, ಅವನು ಟೋಪಿ ತೆಗೆದಾಗ ತಲೆ ನೋಡಿ ಕಣ್ಣು ಮುಚ್ಚಿಕೊಂಡ.

"ಏನಯ್ಯಾ ಇಷ್ಟು ಎಣ್ಣೆ? ಮೇಲೆ ಕೂತ ನೊಣ ಜಾರಿ ನೀರಿಗೆ ಬಿತ್ತು!"

"ನೀನು ತೆಪ್ಪ ನಡೆಸು, ಬಾಯಿ ನಡೆಸಬೇಡ."

ಅನ್ಸೆಲ್ಮೊ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದ. ಅವನಿಗೊಂದು ಅಂಜಿಕೆಯಿತ್ತು. ಕುಶಲ ಕೇಳತೊಡಗಿದರೆ ಫೆರ್ಮಿನ್‌ನನ್ನೂ ಕೇಳಬೇಕು. ಕೇಳಿದರೆ ಅವಳಿಗೆ ಗಂಡನ ನೆನಪಾಗುತ್ತದೆ, ನೆನಪಾದರೆ ಇವನ ಕತೆ ಮುಗಿಯಿತು. ಇವತ್ತೊಂದು ದಿನ ಕುಶಲವೇ ಬೇಡ ಎಂದುಕೊಂಡ.

ಡೊಮಿತಿಲಾ ಅಂಗಳದಲ್ಲಿ ಹುರಿದ ಗೋಧಿ ಅರೆಯುತ್ತಿದ್ದಳು. ಅತಿಥಿಗಳು ನಿಂತು ಕೂಗುವ ಸೇಬಿನ ಮರವನ್ನು ದಾಟಿ ಅನ್ಸೆಲ್ಮೊ ಸೀದಾ ಬಂದ. ಹೊರೆಯನ್ನು ಧೊಪ್ಪನೆ ಇಳಿಸಿದ.

"ಡೊಮಿತಿಲಾ, ನನ್ನ ಜೊತೆ ಬಂದಿರ್ತೀಯಾ?"

ಅರೆಯುವ ಕಲ್ಲು ನಿಂತಿತು. ದ್ವೀಪದ ಗಾಳಿ, ನೀರು, ಹಂದಿಗಳು, ಎಲ್ಲವೂ ನಿಂತವು.

"ಪಾಚಿ ಮಾರೋಕೆ ಬಂದ್ಯೋ, ನನ್ನ ಕೊಳ್ಳೋಕೆ ಬಂದ್ಯೋ?"

"ಹಾಗಲ್ಲ ಕಣೇ..."

"ಪಕ್ಕದ ಮನೆ ಹಂದಿನೂ ಹೀಗೆ ನುಗ್ಗಲ್ಲ. ಈ ಮನೇಲಿ ಕುಶಲ ಕೇಳೋ ಅಂಥವರು ಯಾರೂ ಇಲ್ಲ ಅಂದ್ಕೊಂಡ್ಯಾ?"

ಬೆಂಚಿನ ಮೇಲೆ ಅವಳು ಕುರಿಯ ತುಪ್ಪಟ ಹಾಸಲಿಲ್ಲ. ಅತಿಥಿಗೆ ಅದನ್ನು ಹಾಸದಿದ್ದರೆ ಹೊರಡು ಎಂದೇ ಅರ್ಥ. ಅನ್ಸೆಲ್ಮೊ ಹೊರೆಯನ್ನು ಅಲ್ಲೇ ಬಿಟ್ಟು ದಡಕ್ಕೆ ನಡೆದ. ಅವನ ನಿಟ್ಟುಸಿರಿಗೆ ಜೊಂಡೆಲ್ಲ ಒಂದೇ ಕಡೆ ಬಾಗಿತು.

"ಹತ್ತಯ್ಯಾ, ಇವತ್ತಿಗೆ ಇದೇ ಕೊನೇ ಸಲ," ಎಂದ ನೊಲ್ಬೆರ್ತೊ.

ಅನ್ಸೆಲ್ಮೊ ಒಂದು ಕಾಲನ್ನು ತೆಪ್ಪದ ಮೇಲಿಟ್ಟ. ಯಾರೂ ಇಲ್ಲ ಅಂದ್ಕೊಂಡ್ಯಾ? ಆ ಮಾತು ಕಿವಿಯಿಂದ ಇಳಿದು ಎದೆಗೆ ತಲುಪಿದ್ದು ಆಗ. ಸತ್ತರೂ ಫೆರ್ಮಿನ್ ಆ ಅಂಗಳದಲ್ಲೇ ಇದ್ದ. ಪ್ರಾಣಸ್ನೇಹಿತನ ಮುಂದೆಯೇ ಅನ್ಸೆಲ್ಮೊ ಅವನನ್ನು ಮಾತಾಡಿಸದೆ ದಾಟಿ ಹೋಗಿದ್ದ.

ಕಾಲು ಹಿಂದಕ್ಕೆ ತೆಗೆದ.

"ಹೋಗು. ನಾನು ಬರಲ್ಲ."

"ರಾತ್ರಿ ಎಲ್ಲಿ ಮಲಗ್ತೀಯೋ ಮಾರಾಯಾ?"

"ಹಂಸಗಳ ಜೊತೆ!"

ಸೇಬಿನ ಮರದ ಕೆಳಗೆ ನಿಂತು ಟೋಪಿ ತೆಗೆದ. ಮಾಪುಚೆ ಭಾಷೆಯ ನಮಸ್ಕಾರ ಕೂಗಿದ; ಆ ಕೂಗಿಗೆ ಕಾಯಿಗಳೆಲ್ಲ ಒಟ್ಟಿಗೆ ಹಣ್ಣಾಗಿಬಿಟ್ಟವು.

"ಮಾರಿ ಮಾರಿ, ಡೊಮಿತಿಲಾ! ನಿನ್ನ ತಂಗಿ ಚೆನ್ನಾಗಿದ್ದಾಳಾ?"

ಅಷ್ಟರಲ್ಲಿ ಒಳಗೆ ಹೋಗಿದ್ದ ಡೊಮಿತಿಲಾ ಹೊರಗೆ ಬರಲಿಲ್ಲ.

"ಮಾರಿ ಮಾರಿ. ಕೆಮ್ಮು ಅಂತಿದ್ದಾಳೆ," ಎಂದಳು ಒಳಗಿಂದಲೇ.

ತಂಗಿಯ ಮಕ್ಕಳನ್ನು ಕೇಳಿದ, ಮಾವಂದಿರನ್ನು ಕೇಳಿದ, ಎತ್ತಿನ ಕುಂಟು ಕಾಲನ್ನು ಕೇಳಿದ. ಡೊಮಿತಿಲಾ ಬಾಗಿಲಿಗೆ ಬಂದಳು. ಅನ್ಸೆಲ್ಮೊ ಟೋಪಿಯನ್ನು ಎದೆಗೊತ್ತಿಕೊಂಡ.

"ಫೆರ್ಮಿನ್ ಹೇಗಿದ್ದಾನೆ?"

ಅವಳು ಗುಡ್ಡದ ಮೇಲಿನ ಸಮಾಧಿಯ ಕಡೆ ನೋಡಿದಳು.

"ಹೋದ ಮಳೆಗೆ ಶಿಲುಬೆ ಒಂದು ಕಡೆ ವಾಲಿದೆ. ಇದ್ದಾಗಲೂ ಹಾಗೇ ವಾಲ್ಕೊಂಡೇ ನಿಲ್ತಿದ್ದ, ಕತ್ತೆ."

"ಎಡಕ್ಕಾ?"

"ಮತ್ತೆ? ಎಡಕ್ಕೇ."

ಇಬ್ಬರೂ ನಕ್ಕರು. ನಗುತ್ತಲೇ ಅವಳು ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಒಳಗಿಂದ ತುಪ್ಪಟ ತಂದು ಬೆಂಚಿಗೆ ಹಾಸಿದಳು. ಅಷ್ಟು ಮೆತ್ತಗಿನ ತುಪ್ಪಟ ಚಿಲಿ ದೇಶದ ಅಧ್ಯಕ್ಷರ ಕುರ್ಚಿಯಲ್ಲೂ ಇರಲಾರದು.

ಈಗ ಕೇಳುವ ಸರದಿ ಅವಳದು.

"ನಿನ್ನ ಎರ್ಮಿನಿಯಾ?"

ಅವಳ ಬಗ್ಗೆ ಅವನನ್ನು ಯಾರೂ ಬಹಳ ಕಾಲದಿಂದ ಕೇಳಿರಲಿಲ್ಲ.

"ಅವಳ ಹಸಿರು ಶಾಲು ಇನ್ನೂ ಬಾಗಿಲ ಹಿಂದೇ ತೂಗ್ತಿದೆ. ತೆಗೆಯೋಕೆ ಕೈ ಬರ್ಲಿಲ್ಲ ಕಣೇ. ನೀನು ಬರೋದಾದ್ರೆ..."

"ತೆಗೀಬೇಡ," ಎಂದಳು ಡೊಮಿತಿಲಾ. "ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡಿ."

ಅವನು ತುಪ್ಪಟದ ಮೇಲೆ ಕುಸಿದು ಕೂತ. ಅವಳು ಹಬೆಯಾಡುವ ‘ಮಾತೆ’ ಎಲೆಯ ಕಷಾಯದ ಲೋಟವನ್ನು ಅವನ ಕೈಗಿಟ್ಟಳು.

"ಅದಿರಲಿ, ನನ್ನ ಕೋಳಿಗಳನ್ನ ಕೇಳಲೇ ಇಲ್ವಲ್ಲ ನೀನು?"

ಅನ್ಸೆಲ್ಮೊ ಒಂದು ಗುಟುಕು ಹೀರಿ, ಗಂಟಲು ಸರಿಮಾಡಿಕೊಂಡು, ಕುಂಟು ಹುಂಜದಿಂದ ಶುರುಮಾಡಿದ.