ಬಯಕೆಯ ಹಸಿ ಮೀನು

ಡೊಂಬಿವಲಿಯ ಮಾರುಕಟ್ಟೆಯಲ್ಲಿ ಮೀನು ಮಾರುವ ದೇವದಾಸನಿಗೆ ಆಗ ಒಂದೇ ಚಿಂತೆ. ಐದು ತಿಂಗಳ ಬಸುರಿ ಮಗಳು ಅಪೇಕ್ಷಾ ಐರೋಲಿಯ ಗಂಡನ ಮನೆಯಿಂದ ಬಂದು ವಾರವಾಗಿತ್ತು, ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಏನು ಬೇಕು ಹೇಳು ಎಂದರೆ ಅವಳು ಕೇಳಿದ್ದು ಹಿಂದೆ ವಾಶಿಯ ಮಾಲ್‌ನಲ್ಲಿ ತಿಂದಿದ್ದ ಜಪಾನಿ ತಿಂಡಿ. ಹುಳಿ ಅನ್ನ, ಮೇಲೆ ಸೌತೆಕಾಯಿ, ಅದರ ಮೇಲೆ ಹಸಿ ಮೀನು, ಹೀಗೆ ಕೇಕಿನಂತೆ ಪದರ ಪದರ.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಹುಟ್ಟೂರು ಮಲ್ಪೆಯಲ್ಲಿ ಅವನಮ್ಮ ಹೇಳುತ್ತಿದ್ದಳು. ಅಪೇಕ್ಷಾ ತಾಯಿಯಿಲ್ಲದ ಹುಡುಗಿ. ತೀರಿಸಬೇಕಾದವನು ಅವನೇ ತಾನೆ?

ಮರುದಿನ ಬಂದರಿನಿಂದ ಬಂದ ಅಂಜಲ್ ಮೀನುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ತಂದ. ಮೊಬೈಲ್ ನೋಡಿಕೊಂಡು ತೆಳ್ಳಗೆ ಕೊಯ್ದು ಲಿಂಬೆ ಹಿಂಡುತ್ತಿದ್ದಾಗ ಪಕ್ಕದ ಮನೆಯ ನಳಿನಿ ಬಂದಳು. ಮೈಸೂರಿನವಳು, ಆಸ್ಪತ್ರೆಯಲ್ಲಿ ನರ್ಸ್.

"ಹಸೀದು ಕೊಡ್ಬೇಡಿ ಅಣ್ಣ, ಹುರಿದು ಕೊಡಿ," ಎಂದಳು.

"ಕಿವಿರು ಎಷ್ಟು ಕೆಂಪುಂಟು ನೋಡಿ. ಇಷ್ಟು ಫ್ರೆಶ್ ಮೀನು ಇಡೀ ಡೊಂಬಿವಲಿಯಲ್ಲಿ ಸಿಗ್ಲಿಕ್ಕಿಲ್ಲ."

"ಕ್ರಿಮಿ ಕಿವಿರಲ್ಲಿ ಕಾಣಲ್ಲ ಅಣ್ಣ. ಲಿಂಬೆಹುಳಿಗೂ ಸಾಯಲ್ಲ, ನಿಮ್ಮ ಫ್ರಿಜ್ಜಿಗೂ ಸಾಯಲ್ಲ. ತಾಯಿಗೆ ಬರೀ ಜ್ವರ ಬಂದು ಹೋಗ್ಬಹುದು. ಮಗು ತಡ್ಕೊಳ್ಳಲ್ಲ."

"ಮೀನಿನ ಮರಿಗೆ ಈಜು ಕಲಿಸ್ಲಿಕ್ಕೆ ಬಂದ್ರಾ ಮಾರಾಯ್ರೆ?" ಎಂದು ದೇವದಾಸ ನಕ್ಕುಬಿಟ್ಟ. ಮೂವತ್ತು ವರ್ಷದ ಅನುಭವ ನೋಡಿ, ಅದೇ ಕಣ್ಣು ಕಟ್ಟಿತು.

ಅಪೇಕ್ಷಾ ಅಂದು ಎರಡು ತಟ್ಟೆ ತಿಂದಳು. ಅಪ್ಪನಿಗೆ ಹೊಟ್ಟೆ ತುಂಬಿತು.

ಮೂರನೆಯ ವಾರ ಅವಳಿಗೆ ಜ್ವರ ಬಂತು. ಹವೆ ಬದಲಾದದ್ದಕ್ಕೆ ಎಂದುಕೊಂಡು ಅವನು ಮಾತ್ರೆ ಕೊಟ್ಟ. ಎರಡು ದಿನ ಹಾಗೆಯೇ ಕಳೆಯಿತು. ಮೂರನೆಯ ದಿನ ಹೊಟ್ಟೆನೋವು ಶುರುವಾದಾಗ ನಳಿನಿಯೇ ಆಟೋ ಹಿಡಿದು ಕಲ್ಯಾಣದ ಆಸ್ಪತ್ರೆಗೆ ಕರೆದೊಯ್ದಳು. ಅಪೇಕ್ಷಾ ಉಳಿದಳು, ಮಗು ಉಳಿಯಲಿಲ್ಲ. ರಕ್ತದಲ್ಲಿ ಆಹಾರದಿಂದ ಬರುವ ಕ್ರಿಮಿ ಸಿಕ್ಕಿತು. ಏನು ತಿಂದಿದ್ದಳು ಎಂದು ಡಾಕ್ಟರು ಕೇಳಿದರು, ಅವನೇ ಬಾಯಿಬಿಟ್ಟು ಹೇಳಬೇಕಾಯಿತು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಅವನು ಬಟ್ಟೆ ಸರಿಸಿ ಮೊದಲು ಕಿವಿ ನೋಡಿದ. ಚಿಕ್ಕ ಕಿವಿಗಳು, ಎರಡೂ ಚೆನ್ನಾಗಿಯೇ ಮೂಡಿದ್ದವು.

ಈಗ ಯಾರಾದರೂ ಹಸಿಯಾಗಿ ತಿನ್ನಲು ಮೀನು ಕೇಳಿದರೆ ದೇವದಾಸ ಕತ್ತಿ ಕೆಳಗಿಡುತ್ತಾನೆ. "ಮನೆಯಲ್ಲಿ ಬಸುರಿ ಇದ್ದಾರಾ?" ಎಂದು ಕೇಳುತ್ತಾನೆ. ಇದ್ದಾರೆ ಎಂದರೆ, "ನನ್ನ ಮಗಳಿಗೆ ನಾನೇ ಕೊಯ್ದು ಕೊಟ್ಟಿದ್ದೆ. ನೀವು ಹುರಿದು ಕೊಡಿ," ಎನ್ನುತ್ತಾನೆ.

ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯ ಬಸುರಿಗೂ ಬಯಕೆ ಇರುತ್ತದೆ, ತೀರಿಸಿ. ಆದರೆ ಮೀನು ಎಷ್ಟೇ ತಾಜಾ ಇರಲಿ, ಬಸುರಿಗೆ, ಎಳೆಮಕ್ಕಳಿಗೆ, ವಯಸ್ಸಾದವರಿಗೆ ಹಸಿಯಾಗಿ ಬಡಿಸಬೇಡಿ. ಒಳಗಿನ ತನಕ ಬೇಯಿಸಿ. ಬಸುರಿ ಈಗಾಗಲೇ ತಿಂದಿದ್ದು ಜ್ವರ ಬಂದರೆ ನಾಳೆ ನೋಡೋಣ ಎನ್ನದೆ ಡಾಕ್ಟರ ಬಳಿ ಹೋಗಿ, ತಿಂದದ್ದನ್ನು ಮುಚ್ಚಿಡದೆ ಹೇಳಿ. ದೇವದಾಸ ಎರಡು ದಿನ ಕಾದಿದ್ದ. ನೀವು ಕಾಯಬೇಡಿ.